ಕೊನೆಯ ಮನೆಯ ನಳ್ಳಿಯವರೆಗೆ ಕ್ಲೋರಿನ್: ಪಂಚಾಯತ್ ನೀರು ಬಿಡುವವರಿಗೆ

ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ನದಿ ನೀರು ಶುದ್ಧೀಕರಣ ಘಟಕ ದಾಟಿಯೇ ಪೇಟೆಗೆ ಬರುತ್ತದೆ. ಹಳ್ಳಿಯ ಕಡೆಯ ಎಷ್ಟೋ ಯೋಜನೆಗಳಲ್ಲಿ ಇರುವುದು ಒಂದು ತೆರೆದ ಬಾವಿ ಅಥವಾ ಬೋರ್‌ವೆಲ್, ಒಂದು ಪಂಪು, ಗುಡ್ಡೆಯ ಮೇಲೊಂದು ಟ್ಯಾಂಕು, ಅಲ್ಲಿಂದ ಇಳಿಯುವ ಪಿವಿಸಿ ಪೈಪು, ಅಷ್ಟೇ. ಫಿಲ್ಟರ್ ಇಲ್ಲದ ಕಡೆ ಕಾಯಿಲೆಗೆ ಅಡ್ಡ ನಿಲ್ಲುವುದು ಬ್ಲೀಚಿಂಗ್ ಪೌಡರ್ ಮಾತ್ರ. ಅದನ್ನು ವರ್ಷವಿಡೀ 'ಟ್ಯಾಂಕಿಗೆ ಎರಡು ಗೆರಟೆ' ಎಂಬ ಲೆಕ್ಕದಲ್ಲಿ ಹಾಕಿದರೆ ಬೇಸಗೆಯಲ್ಲಿ ನೀರು ವಾಸನೆ ಹೊಡೆಯುತ್ತದೆ, ಮಳೆಗಾಲದಲ್ಲಿ ಏನೂ ಹಾಕದ ಹಾಗೇ ಆಗುತ್ತದೆ.

ಅಳತೆ ಮಾಡಬೇಕಾದ ಜಾಗ ಟ್ಯಾಂಕಲ್ಲ, ಪೈಪ್‌ಲೈನಿನ ತುದಿಯ ಮನೆಯ ನಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ಕೊಳೆಯನ್ನು ಕೊಂದು ಮಿಕ್ಕಿ ಉಳಿದ ಕ್ಲೋರಿನ್) ಇರಬೇಕು. ವಾಂತಿಭೇದಿ, ಕಾಮಾಲೆ ಕಾಣಿಸಿಕೊಂಡಿದ್ದರೆ 0.5 ಇಡಿ.

ಎಷ್ಟು ಪುಡಿ? ಬಕೆಟ್ಟಿನಲ್ಲಿ ನೋಡಿ

ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ಬಿಚ್ಚಿ ಆಟಿ ತಿಂಗಳ ಮಳೆಯ ತಂಡಿಯಲ್ಲಿ ಪಂಪ್‌ಹೌಸಿನ ನೆಲದ ಮೇಲೆ ಇಟ್ಟರೆ ಬಲ ಬೇಗ ಇಳಿಯುತ್ತದೆ. ಗಂಟುಕಟ್ಟಿ ಒದ್ದೆಯಾದ ಪುಡಿಯಲ್ಲಿ ಉಳಿದಿರುವುದು ಹೆಚ್ಚಾಗಿ ಸುಣ್ಣವೇ. ಹಾಗಾಗಿ ಚೀಲದ ಮೇಲೆ ಬರೆದ ಅಂಕಿಯನ್ನು ನಂಬಿ ಲೆಕ್ಕ ಹಾಕುವುದಕ್ಕಿಂತ, ಕೈಯಲ್ಲಿರುವ ಪುಡಿಯನ್ನು ಕೈಯಲ್ಲಿರುವ ನೀರಿನಲ್ಲಿಯೇ ಪರೀಕ್ಷಿಸುವುದು ಒಳ್ಳೆಯದು.

1. ಪ್ಲಾಸ್ಟಿಕ್ ಬಾಟಲಿಯಲ್ಲಿ 1 ಲೀಟರ್ ನೀರಿಗೆ 40 ಗ್ರಾಂ ಪುಡಿ ಕಲಸಿ. ಕಾಲು ಗಂಟೆ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬೇಕು.
2. ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಿಗೆ ಬಾವಿಯ ನೀರು ತಲಾ 10 ಲೀಟರ್ ಹಾಕಿ. ಕಬ್ಬಿಣದ ಬಕೆಟ್ ಬೇಡ, ಅದೇ ಕ್ಲೋರಿನ್ ತಿನ್ನುತ್ತದೆ.
3. ಮೆಡಿಕಲ್ ಅಂಗಡಿಯ ಸಿರಿಂಜಿನಿಂದ ಒಂದಕ್ಕೆ 1 ಮಿ.ಲೀ., ಉಳಿದವಕ್ಕೆ 2, 3, 4 ಮಿ.ಲೀ. ತಿಳಿ ಸೇರಿಸಿ ಕಲಕಿ, ಮುಚ್ಚಿಡಿ.
4. ಸರಿಯಾಗಿ 30 ನಿಮಿಷ ಬಿಟ್ಟು ಪ್ರತಿಯೊಂದರಲ್ಲೂ ಉಳಿಕೆ ಕ್ಲೋರಿನ್ ಅಳೆಯಿರಿ. 0.5ರ ಆಸುಪಾಸು ತೋರಿಸುವ ಬಕೆಟ್ಟೇ ನಿಮ್ಮ ಲೆಕ್ಕ.

ಇಲ್ಲಿ 1 ಮಿ.ಲೀ. ಎಂದರೆ 1,000 ಲೀಟರಿಗೆ 4 ಗ್ರಾಂ ಪುಡಿ. 2 ಮಿ.ಲೀ. ಬಕೆಟ್ ಸರಿಬಂದರೆ 50,000 ಲೀಟರ್ ಟ್ಯಾಂಕಿಗೆ 8 × 50, ಅಂದರೆ 400 ಗ್ರಾಂ. ಬಕೆಟ್ಟಿಗೂ ಟ್ಯಾಂಕಿಗೂ ಒಂದೇ ಚೀಲದ ಪುಡಿಯಾದ್ದರಿಂದ ಅದರ ಬಲ ಎಷ್ಟಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾಲ್ಕೂ ಬಕೆಟ್‌ಗಳಲ್ಲಿ ಏನೂ ಉಳಿಯದಿದ್ದರೆ ಪುಡಿ ಸತ್ತಿದೆ, ಇಲ್ಲವೇ ನೀರಿನಲ್ಲಿ ಕ್ಲೋರಿನ್ ತಿನ್ನುವಂಥದ್ದು ಏನೋ ಇದೆ. ಹೊಸ ಚೀಲದ ಪುಡಿಯಲ್ಲಿ ಮತ್ತೊಮ್ಮೆ ಮಾಡಿದರೆ ಯಾವುದೆಂದು ತಿಳಿಯುತ್ತದೆ.

ಚೀಲ ಬದಲಾದಾಗಲೆಲ್ಲ ಈ ಪರೀಕ್ಷೆ ಮಾಡಿ. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಜೋರು ಮಳೆ ಬಂದ ಮರುದಿನವಂತೂ ತಪ್ಪಿಸಬೇಡಿ. ಜನವರಿಯಲ್ಲಿ 1 ಮಿ.ಲೀ. ಸಾಕಾಗುವ ಬಾವಿ ಜೂನ್‌ನಲ್ಲಿ 3 ಕೇಳಿದರೆ ಆಶ್ಚರ್ಯವಿಲ್ಲ.

ಟ್ಯಾಂಕಿಗೆ ಹಾಕುವಾಗ

ಒಣ ಪುಡಿಯನ್ನು ಟ್ಯಾಂಕಿಗೆ ಸುರಿದರೆ ಅದು ತಳದಲ್ಲಿ ಕೆಸರಾಗಿ ಕೂರುತ್ತದೆ, ಮೇಲಿನ ನೀರಿಗೆ ಏನೂ ಸಿಗುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 20 ಲೀಟರ್ ನೀರಿಗೆ ಅಂದಿನ ಪುಡಿ ಕಲಸಿ, ತಿಳಿಯಾದ ಮೇಲೆ, ಪಂಪು ಚಾಲೂ ಆಗಿ ನೀರು ಟ್ಯಾಂಕಿಗೆ ಬೀಳುತ್ತಿರುವಾಗ ಆ ಧಾರೆಗೆ ಸೇರಿಸಿ. ಬೀಳುವ ನೀರೇ ಕಲಕುತ್ತದೆ. ಟ್ಯಾಂಕ್ ತುಂಬಿದ ಮೇಲೆ ಅರ್ಧ ಗಂಟೆ ಕಾದು ವಾಲ್ವ್ ತೆರೆಯಿರಿ. ಪುಡಿ ಕಲಸುವಾಗ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಅದೇ ಡ್ರಮ್ಮಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ತಗಲಿದರೆ ವಿಷಾನಿಲ ಏಳುತ್ತದೆ.

ಕ್ಲೋರಿನ್ ದ್ರಾವಣವನ್ನು ತಾನೇ ಅಳೆದು ಹಾಕುವ ಡೋಸಿಂಗ್ ಪಂಪಿದ್ದರೆ ಅದರ ಕನೆಕ್ಷನ್ ಮೋಟಾರಿನ ಸ್ಟಾರ್ಟರ್ ಮೂಲಕವೇ ಹೋಗಲಿ, ಎರಡೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲಲಿ. ಬೇರೆ ಸ್ವಿಚ್ಚಿದ್ದರೆ ಒಂದು ದಿನ ಹಾಕಲು ಮರೆಯುತ್ತದೆ, ಇನ್ನೊಂದು ದಿನ ಆರಿಸಲು. ಪುಡಿಯ ಬದಲು ಬಳಸುವ ದ್ರವರೂಪದ ಹೈಪೋಕ್ಲೋರೈಟ್ ಬಿಸಿಲು, ಸೆಕೆಗೆ ಬಲ ಕಳೆದುಕೊಳ್ಳುತ್ತದೆ. ತಿಂಗಳಿಗಿಂತ ಹೆಚ್ಚಿನ ದಾಸ್ತಾನು ಬೇಡ.

ಅಳೆಯುವ ಕಿಟ್ ಮೋಸ ಮಾಡುವುದು ಎಲ್ಲಿ

ಹಳದಿ ಬಣ್ಣ ಬರುವ ಓಟಿ (ಆರ್ಥೋಟೊಲಿಡಿನ್) ದ್ರಾವಣ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ನಮ್ಮ ಬೋರ್‌ವೆಲ್‌ಗಳಲ್ಲಿ ಸಾಮಾನ್ಯವಾದ ಕಬ್ಬಿಣ, ಮ್ಯಾಂಗನೀಸ್ ಇದ್ದರೂ ಅದು ಹಳದಿಯಾಗುತ್ತದೆ. ಕ್ಲೋರಿನ್ ಹಾಕದ ಬಾವಿನೀರನ್ನೇ ಒಮ್ಮೆ ಪರೀಕ್ಷಿಸಿ. ಅದೂ ಹಳದಿಯಾದರೆ ಆ ಬಾಟಲಿಯನ್ನು ಬದಿಗಿಟ್ಟು, ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಗೆ ಬನ್ನಿ. ಓಟಿಯಲ್ಲೇ ಮುಂದುವರಿಯುವವರು ಹನಿ ಹಾಕಿದ ಕೂಡಲೇ, ಹತ್ತು ಸೆಕೆಂಡಿನೊಳಗೆ ಬಣ್ಣ ಓದಬೇಕು. ಮೊದಲು ಬಣ್ಣವೇ ಇಲ್ಲದೆ ಐದು ನಿಮಿಷದಲ್ಲಿ ನಿಧಾನವಾಗಿ ಹಳದಿ ಏರಿದರೆ ಕ್ಲೋರಿನ್ ಅಮೋನಿಯಾದ ಜೊತೆ ಕೂಡಿಕೊಂಡಿದೆ. ಅಂದರೆ ಎಲ್ಲಿಂದಲೋ ಕೊಳಚೆ ಸೇರುತ್ತಿರಬಹುದು. ಇಂಥ ನೀರಿಗೆ ಔಷಧಿಯ ವಾಸನೆ ಜೋರಾಗಿ ಬರುತ್ತದೆ. ಜನ 'ಬ್ಲೀಚಿಂಗ್ ಜಾಸ್ತಿಯಾಯ್ತು' ಎನ್ನುತ್ತಾರೆ, ನೀರು ಬಿಡುವವರು ಇನ್ನಷ್ಟು ಕಡಿಮೆ ಮಾಡುತ್ತಾರೆ. ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧ.

ಟ್ಯಾಂಕಿನಲ್ಲಿ ಇದೆ, ತುದಿಯಲ್ಲಿ ಇಲ್ಲ

ನಿಜವಾದ ತಲೆನೋವು ಇಲ್ಲಿ. ಟ್ಯಾಂಕಿನ ಬುಡದಲ್ಲಿ 0.5, ಕೊನೆಯ ನಳ್ಳಿಯಲ್ಲಿ ಸೊನ್ನೆ ಬಂದರೆ ಮೊದಲು ಡೋಸ್ ಏರಿಸಬೇಡಿ. ಲೈನಿನುದ್ದಕ್ಕೂ ನಾಲ್ಕೈದು ಕಡೆ ಅಳೆಯುತ್ತಾ ಇಳಿಯಿರಿ. ನಿಧಾನವಾಗಿ ಕಡಿಮೆಯಾಗುತ್ತಾ ಬಂದರೆ ಪೈಪಿನೊಳಗೆ ಕೆಸರು, ಕಬ್ಬಿಣದ ತುಕ್ಕು ಕೂತಿದೆ; ತುದಿಯ ವಾಶ್‌ಔಟ್ ವಾಲ್ವ್ ಪೂರ್ತಿ ತೆರೆದು ನೀರು ತಿಳಿಯಾಗುವವರೆಗೆ ಹರಿಸಿ. ಎರಡು ಮನೆಗಳ ನಡುವೆ ಥಟ್ಟನೆ ಬಿದ್ದರೆ ಆ ಜಾಗದಲ್ಲಿ ಹೊರಗಿನ ನೀರು ಒಳಗೆ ಬರುತ್ತಿರುವ ಸಂಭವ ಹೆಚ್ಚು.

ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಲೈನಿನಲ್ಲಿ ವಾಲ್ವ್ ಮುಚ್ಚಿದ ಮೇಲೆ ತಗ್ಗಿನ ಮನೆಗಳು ಉಳಿದ ನೀರನ್ನು ಎಳೆದುಕೊಳ್ಳುತ್ತವೆ. ಮೇಲಿನ ಭಾಗದ ಪೈಪು ಆಗ ಹೀರತೊಡಗುತ್ತದೆ. ಸಡಿಲವಾದ ಜಾಯಿಂಟು ಚರಂಡಿಯೊಳಗಿದ್ದರೆ ಒಳಗೆ ಹೋಗುವುದು ಚರಂಡಿ ನೀರೇ. ಮಳೆಗಾಲದಲ್ಲಿ ಇದಕ್ಕಿಂತ ಕಳ್ಳ ದಾರಿ ಏರ್ ವಾಲ್ವ್. ಲೈನು ಖಾಲಿಯಾಗುವಾಗ ಅದು ಗಾಳಿ ಎಳೆಯಬೇಕು. ಗುಂಡಿಯಲ್ಲಿ ಮಳೆನೀರು ನಿಂತು ವಾಲ್ವ್ ಮುಳುಗಿದ್ದರೆ ಎಳೆಯುವುದು ಆ ನೀರನ್ನು. ಮೇ ತಿಂಗಳಲ್ಲೇ ಗುಂಡಿಯ ಕೆಸರು ತೆಗೆದು, ತಳಕ್ಕೆ ನೀರು ಹೊರಹೋಗುವ ಪೈಪ್ ಕೊಡಿ, ಅಥವಾ ವಾಲ್ವನ್ನೇ ನೆಲದಿಂದ ಮೇಲಕ್ಕೆ ಏರಿಸಿ.

ಬಾವಿ

ಶೌಚದ ಹೊಂಡ ಬಾವಿಯಿಂದ ಇಂತಿಷ್ಟು ದೂರವಿದ್ದರೆ ಸಾಕೆಂಬ ಲೆಕ್ಕವನ್ನು ಮುರಕಲ್ಲಿನ (ಲ್ಯಾಟರೈಟ್) ನೆಲದಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಈ ಕಲ್ಲಿನೊಳಗೆ ತೂತು, ಬಿರುಕುಗಳ ಜಾಲವೇ ಇದೆ, ನೀರು ಮಣ್ಣಿನಲ್ಲಿ ಸೋಸಿ ಬರದೆ ನೇರ ಹರಿದುಬಿಡುತ್ತದೆ. ಮಳೆ ಹಿಡಿದ ಮೇಲೆ ಅಂತರ್ಜಲ ಏರಿ ಹೊಂಡದ ತಳವನ್ನೇ ಮುಟ್ಟುತ್ತದೆ. ಹೊಂಡ ಗುಡ್ಡೆಯ ಮೇಲ್ಭಾಗಕ್ಕಿದ್ದರೆ ಇನ್ನೂ ಅಪಾಯ.

ನೀರಿಗೆ ಮಲ ಸೇರಿದೆಯೇ ಎಂದು ನೋಡುವ ಎಚ್‌2ಎಸ್ ಬಾಟಲಿಯಲ್ಲಿ ಕ್ಲೋರಿನ್ ಹಾಕುವ ಮೊದಲಿನ ಬಾವಿನೀರನ್ನು ಗುರುತಿನವರೆಗೆ ತುಂಬಿಸಿ, ಬಾಯಿಗೆ ಬೆರಳು ತಾಗಿಸದೆ ಮುಚ್ಚಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಅಂಶ ಸೇರಿದೆ ಎಂದೇ ಹಿಡಿಯಬೇಕು. ಹಿನ್ನೀರಿನ ಬದಿಯ ಬಾವಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ ಮೊದಲೇ ಇದ್ದರೆ ಬಾಟಲಿ ಸುಮ್ಮನೆಯೂ ಕಪ್ಪಾಗಬಹುದು. ಅಂಥದ್ದನ್ನು ಪ್ರಯೋಗಾಲಯಕ್ಕೇ ಕಳಿಸಿ, ಐಸ್ ಇಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿಗೆ ಅವಕಾಶವಿದೆ. ತರಬೇತಾದವರು ಊರಲ್ಲಿದ್ದರೆ ಈ ಕೆಲಸ ಅವರಿಗೇ ಒಪ್ಪಿಸಿ. ನೀರು ಬಿಡುವವರೇ ತಮ್ಮ ನೀರಿಗೆ ಅಂಕ ಕೊಟ್ಟುಕೊಳ್ಳುವುದಕ್ಕಿಂತ ಅದು ಮೇಲು.

ಕೆಂಪು, ಹಾಲುಬಣ್ಣ, ಉಪ್ಪು

ಎತ್ತುವಾಗ ತಿಳಿಯಾಗಿದ್ದ ನೀರು ಕ್ಲೋರಿನ್ ಬಿದ್ದೊಡನೆ ಕೆಂಪಾದರೆ ಕರಗಿದ ಕಬ್ಬಿಣ ಹೊರಬಂದಿದೆ. 1 ಮಿಲಿಗ್ರಾಂ ಕಬ್ಬಿಣ ಸುಮಾರು 0.6 ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. ನೀರನ್ನು ತೂತಿನ ತಟ್ಟೆಗಳ ಮೇಲೆ ಹನಿಹನಿಯಾಗಿ ಬೀಳಿಸಿ, ಮರಳಿನಲ್ಲಿ ಸೋಸಬೇಕು. ನಮ್ಮ ಮುರಕಲ್ಲಿನ ನೀರು ಹುಳಿ, ಪಿಎಚ್ 6.5ಕ್ಕಿಂತ ಕೆಳಗಿರುವುದೇ ಹೆಚ್ಚು. ಪಿಎಚ್ 7ರ ಕೆಳಗೆ ಗಾಳಿಯಿಂದ ಕಬ್ಬಿಣ ಬಿಡುವುದು ಬಹಳ ನಿಧಾನ. ಹಾಗಾಗಿ ತಟ್ಟೆಗಳ ಕೆಳಗೆ ಸುಣ್ಣದಕಲ್ಲಿನ ಚೂರು ಹಾಸಿದರೆ ಅರ್ಧ ಕೆಲಸ ಮುಗಿದಂತೆ.

ಬಾವಿಯ ತಳ ಬಿಳಿ ಜೇಡಿಯಂಥ ಶೇಡಿ ಮಣ್ಣಿಗೆ ಇಳಿದಿದ್ದರೆ ನೀರು ಹಾಲಿನ ಹಾಗೆ ಬರುತ್ತದೆ, ಎರಡು ದಿನ ಬಿಟ್ಟರೂ ತಿಳಿಯಾಗದು. ಪಟಿಕ ಹಾಕುವವರು ನೆನಪಿಡಬೇಕಾದ್ದು: ಪಟಿಕ ನೀರನ್ನು ಇನ್ನಷ್ಟು ಹುಳಿ ಮಾಡುತ್ತದೆ, ಹುಳಿ ನೀರಿನಲ್ಲಿ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ. ಮೊದಲು ಸುಣ್ಣದ ತಿಳಿ, ಆಮೇಲೆ ಪಟಿಕ.

ಮಾರ್ಚ್‌ನಿಂದ ಮೇವರೆಗೆ ಹೊಳೆಬದಿಯ ಬಾವಿಗಳಿಗೆ ಉಪ್ಪುನೀರು ಏರುವುದಕ್ಕೆ ಔಷಧಿಯಿಲ್ಲ. ಕುದಿಸಿದರೂ ಉಪ್ಪು ಹೋಗದು. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಿಂದ ವಾರಕ್ಕೊಮ್ಮೆ ನೋಡಿ. ಲೀಟರಿಗೆ 500 ಮಿಲಿಗ್ರಾಂ ದಾಟಿದ ಮೇಲೆ ಪಂಪು ಒಂದೇ ಸಮನೆ ಓಡಿಸುವುದನ್ನು ಬಿಟ್ಟು, ಸ್ವಲ್ಪ ಸ್ವಲ್ಪವೇ ಎತ್ತಿ. ಜೋರಾಗಿ ಎತ್ತಿದಷ್ಟೂ ತಳದ ಉಪ್ಪು ಮೇಲೇರುತ್ತದೆ. ತೋಡಿನ ಕಿಂಡಿ ಅಣೆಕಟ್ಟಿಗೆ ಮಳೆ ನಿಂತ ಮೇಲೆ ಹೊತ್ತಿಗೆ ಸರಿಯಾಗಿ ಹಲಗೆ ಬಿದ್ದಿದ್ದರೆ ಈ ಕಾಟ ತಡವಾಗಿ ಬರುತ್ತದೆ.

ಟ್ಯಾಂಕರ್ ತರಿಸಬೇಕಾಗಿ ಬಂದರೆ ಅದರ ನೀರನ್ನೂ ಮನೆಗೆ ಬಿಡುವ ಮೊದಲು ಡಿಪಿಡಿಯಲ್ಲಿ ನೋಡಿ. ಸೊನ್ನೆ ಬಂದರೆ 6,000 ಲೀಟರಿಗೆ 36 ಗ್ರಾಂ ಪುಡಿಯ ತಿಳಿ ಹಾಕಿ, ಅರ್ಧ ಗಂಟೆ ನಿಲ್ಲಿಸಿ, ಮತ್ತೊಮ್ಮೆ ಅಳೆದೇ ಪೈಪು ಬಿಚ್ಚಿ.