ಜಿಂಪಿತಾನ್ ಡಬ್ಬಿಯ ಹಿಂದೆ 35 ರಾತ್ರಿ

ರಾತ್ರಿ ಗಸ್ತಿನವರ ಜೊತೆ ತಿರುಗಿ ಒಂದು ಊರಿನ ಪ್ರೊಫೈಲ್, ಅಂದರೆ ಯಾವ ಮನೇಲಿ ಯಾರಿದ್ದಾರೆ ಅನ್ನೋ ಲೆಕ್ಕ, ಮಾಡ್ತೀನಿ ಅಂದಾಗ ಬೆಂಗಳೂರಿನ ಹಳೇ ಸಹೋದ್ಯೋಗಿಗಳು ನಕ್ಕಿದ್ದರು. "ಅದು ಸರ್ವೇ ಅಲ್ಲ ಮಾರಾಯ, ವಾಕಿಂಗು" ಅಂದರು ಒಬ್ಬರು. ಈಗ ಅವರೇ ಫೋನ್ ಮಾಡಿ "ನಿನ್ನ ಆ ಶೀಟ್ ಸ್ವಲ್ಪ ಕಳಿಸು" ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶೀಟ್ ಮಾತ್ರ ಕಳಿಸಲ್ಲ.

ಊರು ಇರೋದು ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಯೋಗ್ಯಕರ್ತ ನಗರದ ಈಶಾನ್ಯಕ್ಕೆ, ಸ್ಲೆಮಾನ್ ಜಿಲ್ಲೆಯಲ್ಲಿ. ರಿಂಗ್ ರೋಡ್ ದಾಟಿದ ಮೇಲೆ ಬೈಕಿನಲ್ಲಿ ಹದಿನೈದು ನಿಮಿಷ. ಬೆಳಗ್ಗೆ ಐದೂವರೆಗೆ ಎದ್ದರೆ ಮೆರಾಪಿ ಜ್ವಾಲಾಮುಖಿ ಪೂರ್ತಿ ಕಾಣುತ್ತೆ, ಎಂಟರ ಹೊತ್ತಿಗೆ ಮೋಡ ಮುಚ್ಚಿರುತ್ತೆ. ಊರಿನ ಹೆಸರು ಹೇಳಲ್ಲ, ಅವರಿಗೆ ಮಾತು ಕೊಟ್ಟಿದ್ದೇನೆ. ನಾನು ಅಲ್ಲಿದ್ದದ್ದು 2022ರ ಕೊನೆಯಿಂದ 2023ರ ಮಧ್ಯದವರೆಗೆ. ನಾನು ಹಿಡಿದದ್ದು ಒಂದೇ ಪದುಕುಹಾನ್, ನಮ್ಮ ಕಡೆ ಮಜರೆ ಅಂತೀವಲ್ಲ ಆ ಥರ. ಅದರಲ್ಲಿ ಐದು ಆರ್‌ಟಿ. ಆರ್‌ಟಿ ಅಂದರೆ ನಲವತ್ತು ಐವತ್ತು ಮನೆಗಳ ಗುಂಪು, ಅದಕ್ಕೊಬ್ಬ ಮುಖಂಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿಯರು ಬಿಟ್ಟುಹೋದ ಏರ್ಪಾಡು, ಇವತ್ತಿಗೂ ಊರು ನಡೆಯೋದು ಅದರ ಮೇಲೇ.

ಪಂಚಾಯತಿ ಆಫೀಸಿನಂಥ ಕಡೆ ಗೋಡೆಗೆ ಊರಿನ ಅಂಕಿಅಂಶದ ಒಂದು ಬೋರ್ಡು ಇರುತ್ತೆ, ಮೊನೊಗ್ರಾಫಿ ಅಂತಾರೆ. ನಮ್ಮ ಪದುಕುಹಾನ್ ಲೆಕ್ಕ ಕೇಳಿದರೆ 212 ಕುಟುಂಬ, 690 ಚಿಲ್ಲರೆ ಜನ ಅಂದರು. ಹೊರಗೆ ಬಂದು ನೋಡಿದರೆ ಗದ್ದೆಗಳ ಮಧ್ಯೆ ಮೂರು ಅಂತಸ್ತಿನ ಕೋಸ್ ಕಟ್ಟಡ. ಕೋಸ್ ಅಂದರೆ ನಮ್ಮ ಪಿಜಿ, ಆದರೆ ಊಟ ಇಲ್ಲ. ಯೋಗ್ಯಕರ್ತ ವಿದ್ಯಾರ್ಥಿಗಳ ಊರು, 1949ರಲ್ಲಿ ಶುರುವಾದ ಗಜಾಮಾದಾ ವಿಶ್ವವಿದ್ಯಾಲಯ ಒಂದೇ ಅಲ್ಲ, ಇನ್ನೂ ಎಷ್ಟೋ ಇವೆ. ಆ ಹುಡುಗರೆಲ್ಲ ಮಲಗೋದು ಇಂಥ ಹಳ್ಳಿಗಳಲ್ಲಿ. ಬೋರ್ಡಿನಲ್ಲಿ ಅವರು ಇಲ್ಲ. ಬೋರ್ಡಿನಲ್ಲಿ ಇರುವ ಎಷ್ಟೋ ಜನ ಊರಿನಲ್ಲಿ ಇಲ್ಲ, ಜಕಾರ್ತಾದಲ್ಲೋ ಬಾತಾಮ್‌ನಲ್ಲೋ ಕೆಲಸ ಮಾಡುತ್ತಿದ್ದಾರೆ.

ಮೊದಲು ನಾನೂ ಎಲ್ಲರ ಹಾಗೆ ಫಾರ್ಮ್ ಹಿಡಿದೇ ಹೊರಟೆ. ಎಂಟು ಪುಟ, 62 ಪ್ರಶ್ನೆ. ಮೂರು ಜನ ಸ್ಥಳೀಯ ವಿದ್ಯಾರ್ಥಿಗಳು, ಒಂದು ಫಾರ್ಮಿಗೆ 30,000 ರುಪಿಯಾ. ಆಗ ನಮ್ಮ ಒಂದು ರೂಪಾಯಿಗೆ 180ರ ಆಸುಪಾಸು ಸಿಗುತ್ತಿತ್ತು. ಮನೆಯವರಿಗೆ ಸಕ್ಕರೆ, ಟೀಪುಡಿ ಪೊಟ್ಟಣ ಬೇರೆ, ಅಲ್ಲಿ ಅದು ರೂಢಿ. ಒಟ್ಟು ಒಂಬತ್ತು ಮಿಲಿಯನ್ ರುಪಿಯಾ, ಅಂದರೆ ಐವತ್ತು ಸಾವಿರ ರೂಪಾಯಿ, ಆರು ವಾರದಲ್ಲಿ ನೀರಿನ ಹಾಗೆ ಹೋಯಿತು.

ಬಂದದ್ದೇನು? ಹಗಲು ಹೊತ್ತಲ್ಲಿ ಮನೇಲಿ ಇರೋದು ಅಜ್ಜಿಯರು. ಏನು ಕೇಳಿದರೂ "ಙ್ಗಿಹ್" ಅಂತಾರೆ. ಙ್ಗಿಹ್ ಅಂದರೆ ಹೌದು ಅಂತ ಬರ್ಕೊಂಡ್ರೆ ಮುಗೀತು ಕಥೆ, ಅದು ಬರೀ "ನೀವು ಹೇಳಿದ್ದು ಕೇಳಿಸ್ತು" ಅಂತ. ಹೌದು ಹೌದು ಅಂತಾರೆ, ಕೈಗೆ ಮಾತ್ರ ಸಿಗಲ್ಲ ಅನ್ನೋ ಅರ್ಥದ ಗಾದೆ ಜಾವಾದವರಲ್ಲೇ ಇದೆ. ಆದಾಯ ಕೇಳಿದರೆ "ಸಾಕಾಗುತ್ತೆ". ಕೋಸ್ ಮಾಲೀಕರನ್ನು ರೂಮೆಷ್ಟು ಅಂತ ಕೇಳಿದರೆ ಎಲ್ಲರ ಹತ್ತಿರವೂ ಹತ್ತೇ ರೂಮು! ಮೂರು ಅಂತಸ್ತಿಗೂ ಹತ್ತೇ. ಇದೇನು ಮಾಯೆ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, 2009ರ ತೆರಿಗೆ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಜಾಸ್ತಿ ರೂಮಿದ್ದರೆ ಕೋಸ್ ಕೂಡ ಹೋಟೆಲ್ ಲೆಕ್ಕಕ್ಕೆ ಬಂದು ತೆರಿಗೆ ಬೀಳುತ್ತಿತ್ತು. ನನ್ನ ಫಾರ್ಮ್ ನೋಡಿ ಅವರು ನಾನು ತೆರಿಗೆಯವನು ಅಂದುಕೊಂಡಿದ್ದರೆ ತಪ್ಪೇನಿಲ್ಲ, ಅಲ್ವಾ?

ಉಪಗ್ರಹ ಚಿತ್ರದಲ್ಲಿ ಹೆಂಚು ಎಣಿಸಿದ್ದೂ ಆಯಿತು. ಹೆಂಚಿನ ಕೆಳಗೆ ಯಾರಿದ್ದಾರೆ ಅಂತ ಅದು ಹೇಳಲ್ಲ. ಎರಡು ದಿನಕ್ಕೆ ಬಿಟ್ಟೆ.

ಇನ್ನೊಂದು ಪೆಟ್ಟು ಕ್ಯಾಲೆಂಡರಿನದು. ಆರ್‌ಟಿ ಸಭೆ ಶನಿವಾರ ರಾತ್ರಿ ಅಂದರು, ಒಂದಕ್ಕೆ ಹೋದೆ, ಚೆನ್ನಾಗಿಯೇ ಆಯಿತು. ಸರಿಯಾಗಿ ನಾಲ್ಕು ವಾರ ಬಿಟ್ಟು ಮತ್ತೆ ಶನಿವಾರ ಹೋದರೆ ಅಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇಲ್ಲ. ಜಾವಾದಲ್ಲಿ ಏಳು ದಿನದ ವಾರದ ಜೊತೆಗೆ ಐದು ದಿನದ ಸಂತೆ ವಾರವೂ ನಡೆಯುತ್ತೆ: ಲೆಗಿ, ಪಾಹಿಂಗ್, ಪೋನ್, ವಾಗೆ, ಕ್ಲಿವೋನ್. ಎರಡೂ ಕೂಡಿ ಅದೇ ಜೋಡಿ ಮತ್ತೆ ಬರೋಕೆ 35 ದಿನ ಬೇಕು, ಅದಕ್ಕೆ ಸೆಲಾಪಾನ್ ಅಂತಾರೆ. ಸಭೆ ನಡೆಯೋದು ಆ ಲೆಕ್ಕದಲ್ಲಿ. ನಾನು ಒಂದು ವಾರ ಮುಂಚೆ ಹೋಗಿ ಬೆಕ್ಕಿನ ಮುಂದೆ ಕೂತಿದ್ದೆ.

ದಾರಿ ತೆರೆದದ್ದು ಒಂದು ಬೋರ್ಡಿನಿಂದ. ಪ್ರತಿ ಗಲ್ಲಿಯ ಬಾಯಲ್ಲೂ "ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು" ಅಂತ ಬರೆದಿರುತ್ತಾರೆ. ಯಾರೂ ಮಾಡಲ್ಲ. ಮನೆ ಬದಲಾಯಿಸಿ ಊರೊಳಗೇ ಬಂದ ದಿನ ನಾನು ಪಾಸ್‌ಪೋರ್ಟ್ ಜೆರಾಕ್ಸ್ ಹಿಡಿದು ಆರ್‌ಟಿ ಮುಖಂಡರ ಮನೆಗೆ ಹೋದೆ. ಪಾಕ್ ಆರ್‌ಟಿ ಅಂತಲೇ ಎಲ್ಲರೂ ಕರೆಯೋದು, ಪಾಕ್ ಅಂದರೆ ಅಪ್ಪ, ಹಿರಿಯರು ಅಂತ. ಅವರು ನಕ್ಕೂ ನಕ್ಕೂ ಹೆಂಡತಿಯನ್ನು ಕರೆದು ತೋರಿಸಿದರು, ನೋಡು ಒಬ್ಬ ಬಂದಿದಾನೆ ಅಂತ. ಆಮೇಲೆ, ಮಂಗಳವಾರ ರಾತ್ರಿ ನಮ್ಮ ಗುಂಪಿನ ರೋಂಡಾ ಇದೆ, ಬನ್ನಿ ಮಾಸ್, ಅಂದರು. ಮಾಸ್ ಅಂದರೆ ಅಣ್ಣ.

ರೋಂಡಾ ಅಂದರೆ ಊರಿನ ಗಂಡಸರ ರಾತ್ರಿ ಗಸ್ತು. ವಾರದ ಏಳು ರಾತ್ರಿಗೆ ಏಳು ಗುಂಪು. ಹನ್ನೊಂದರವರೆಗೆ ಗುಡಿಸಲಿನಂಥ ಕಟ್ಟೆಯಲ್ಲಿ ಡಾಮಿನೊ ಆಟ, ಗಸಿ ಇರೋ ಕಾಫಿ, ಬೇಯಿಸಿದ ಮರಗೆಣಸು. ಆಮೇಲೆ ಟಾರ್ಚ್ ಹಿಡಿದು ಮನೆಮನೆಗೆ ಜಿಂಪಿತಾನ್. ಜಿಂಪಿತ್ ಅಂದರೆ ಚಿಟಿಕೆ. ಹಿಂದೆ ಪ್ರತಿ ಮನೆಯವರೂ ಒಂದು ಚಿಟಿಕೆ ಅಕ್ಕಿ ಇಡುತ್ತಿದ್ದರಂತೆ, ಈಗ 500 ರುಪಿಯಾ ನಾಣ್ಯ. ಗೇಟಿನ ಪಕ್ಕ ಮೊಳೆಗೆ ತಗುಲಿಸಿದ ಡಬ್ಬಿ, ಕೆಲವು ಕಡೆ ಅರ್ಧ ಕತ್ತರಿಸಿದ ನೀರಿನ ಬಾಟಲಿ. ಮಳೆ ಬಂದ ದಿನ ಅದರಲ್ಲಿ ನೀರು ತುಂಬಿ ನಾಣ್ಯ ತಳದಲ್ಲಿರುತ್ತೆ, ಬೆರಳು ಅದ್ದಿ ತೆಗೆಯಬೇಕು. ಅಲ್ಯೂಮಿನಿಯಮ್ ನಾಣ್ಯ, ಕೈಯಲ್ಲಿ ತೂಕವೇ ಗೊತ್ತಾಗಲ್ಲ. ಒಂದು ಆರ್‌ಟಿಗೆ ರಾತ್ರಿಗೆ ಹದಿನೇಳು ಹದಿನೆಂಟು ಸಾವಿರ ರುಪಿಯಾ ಆಗುತ್ತಿತ್ತು.

ಒಂದೊಂದು ಡಬ್ಬಿಯ ಮುಂದೆಯೂ ಅವರು ತಮ್ಮಷ್ಟಕ್ಕೆ ತಾವೇ ಮಾತಾಡುತ್ತಾರೆ. "ಇವಳ ಮಗ ಬಾತಾಮ್‌ನಿಂದ ಬಂದೇ ಇಲ್ಲ." "ಇದು ಮಾರಾಟ ಆಯ್ತು, ಸೊಲೋದವರು ತಗೊಂಡ್ರು." "ಇಲ್ಲಿ ಮೇಲೆ ಆರು ಹುಡುಗೀರು, ಕೆಳಗೆ ಯಾರೂ ಇಲ್ಲ." ಮನೆಗೆ ಅರ್ಧ ನಿಮಿಷ. 62 ಪ್ರಶ್ನೆಯಲ್ಲಿ ಬರದಿದ್ದು ಅರ್ಧ ನಿಮಿಷದಲ್ಲಿ ಬಂತು! ಆವತ್ತು ರಾತ್ರಿ ಎರಡು ಗಂಟೆಗೆ ಕೂತು ಹಳೇ ಫಾರ್ಮ್‌ಗಳ ಹಿಂಬದಿ ಖಾಲಿ ಪುಟದಲ್ಲೇ ಹೊಸ ಯೋಜನೆ ಬರೆದೆ, ಅಷ್ಟಾದರೂ ಉಪಯೋಗಕ್ಕೆ ಬಂದವು.

ಐದು ಆರ್‌ಟಿ, ಒಂದೊಂದಕ್ಕೆ ಏಳು ರಾತ್ರಿ, ಒಟ್ಟು 35. ಬೇಕಂತ ಕೂಡಿಸಿದ್ದಲ್ಲ, ಸರಿಯಾಗಿ ಒಂದು ಸೆಲಾಪಾನ್ ಆಯಿತು. ಏಳು ರಾತ್ರಿಯೂ ಬೇಕೇ ಬೇಕು, ಯಾಕಂದರೆ ದಿನವೂ ಗುಂಪು ಬೇರೆ. ಒಂದೇ ಮನೆಯ ಬಗ್ಗೆ ಏಳು ಗುಂಪಿನ ಬಾಯಲ್ಲಿ ಕೇಳುತ್ತೀರಿ. ಐದಕ್ಕಿಂತ ಜಾಸ್ತಿ ಗುಂಪು ಒಂದೇ ಮಾತು ಹೇಳಿದರೆ ಬರ್ಕೊಂಡೆ, ಇಲ್ಲದಿದ್ದರೆ ಆ ಮನೆಗೆ ಬೆಳಗ್ಗೆ ಹೋಗಿ ನೋಡಿದೆ. ನಡೆಯುವಾಗ ಬರೆಯಬಾರದು. ಹೆಸರು ಬೇಡ, ಡಬ್ಬಿಗೆ ಒಂದು ನಂಬರ್, ಒಂದು ಅಕ್ಷರ, ಅಷ್ಟೇ. ಡಬ್ಬಿಯೂ ಮಾತಾಡುತ್ತೆ. ಒಂದು ರಾತ್ರಿ ಖಾಲಿ ಇದ್ದರೆ ಮರೆತಿದ್ದಾರೆ. ಮೂರು ನಾಲ್ಕು ರಾತ್ರಿ ಖಾಲಿ ಇದ್ದರೆ ಮನೇಲಿ ಏನೋ ಆಗಿದೆ. ಡಬ್ಬಿ ಇದೆ, ಅದರಲ್ಲಿ ಜೇಡರ ಬಲೆ ಇದೆ ಅಂದರೆ ಬೀಗ ಹಾಕಿದ ಮನೆ. ಡಬ್ಬಿಯೇ ಇಲ್ಲ ಅಂದರೆ ಹೊರಗಿನ ಮಾಲೀಕರ ಕೋಸ್.

ಜಮೀನು ಮಾರಿದವರು ಯಾರು ಅಂತ ಕೇಳದೆಯೇ ತಿಳಿಯೋಕೆ ಒಂದು ಸಣ್ಣ ಪ್ರಶ್ನೆ ಇದೆ, ಕಾಲುವೆ ನೀರಿಗೆ ಸಂಬಂಧಪಟ್ಟಿದ್ದು. ಅದು ನನ್ನ ಹತ್ತಿರವೇ ಇರಲಿ. ಕಾಲುವೆ ಅಂದರೆ ಸೆಲೋಕಾನ್ ಮಾತಾರಾಮ್, ಪ್ರೊಗೊ ನದಿಯಿಂದ ಓಪಾಕ್ ನದಿವರೆಗೆ ಸುಮಾರು 30 ಕಿಲೋಮೀಟರ್. ಜಪಾನಿಯರ ಕಾಲದಲ್ಲಿ ತೋಡಿದ್ದು. ಜನರನ್ನು ಬೇರೆ ಕಡೆ ಬಿಟ್ಟಿ ದುಡಿಮೆಗೆ ಎಳೆದುಕೊಂಡು ಹೋಗದಿರಲಿ ಅಂತ ಒಂಬತ್ತನೇ ಹಮೆಂಗ್ಕುಬುವೊನೊ ಸುಲ್ತಾನರು ಉಪಾಯ ಮಾಡಿ ಇಲ್ಲೇ ಕೆಲಸ ಹಚ್ಚಿಸಿದರು ಅಂತ ಗಸ್ತಿನ ಕಟ್ಟೆಯಲ್ಲಿ ನಾಲ್ಕು ಸಲವಾದರೂ ಕೇಳಿದ್ದೇನೆ. ಈಗ ಅದರ ದಂಡೆಯ ತುಂಬ ಕಾಫಿ ಅಂಗಡಿ, ಕೇಜಿ ಲೆಕ್ಕದ ಲಾಂಡ್ರಿ.

ಭಾಷೆಯಲ್ಲಿ ಒಂದು ಸಲ ಮಾನ ಹೋಯಿತು. ಜಾವಾ ಭಾಷೆಯಲ್ಲಿ ದೊಡ್ಡವರ ಊಟಕ್ಕೆ ಧಾಹಾರ್ ಅನ್ನಬೇಕು, ನಮ್ಮ ಊಟಕ್ಕೆ ನೆಧಾ. ನಾನು ಮರ್ಯಾದೆ ಜಾಸ್ತಿ ತೋರಿಸೋಕೆ ಹೋಗಿ ನನ್ನ ಊಟಕ್ಕೇ ಧಾಹಾರ್ ಅಂದುಬಿಟ್ಟೆ. "ನಾನು ಈಗತಾನೆ ದಯಮಾಡಿಸಿದೆ" ಅಂತ ನಮ್ಮ ಮನೆಗೆ ಬಂದವನೊಬ್ಬ ಹೇಳಿದರೆ ಹೇಗಿರುತ್ತೆ, ಹಾಗೆ. ಆ ಅಜ್ಜ ಎರಡು ವಾರ ನನ್ನನ್ನು ಕಂಡಾಗೆಲ್ಲ "ಧಾಹಾರ್ ಆಯ್ತಾ" ಅಂತ ಬಗ್ಗಿ ಕೇಳುತ್ತಿದ್ದರು. ನಿಜ ಹೇಳಬೇಕಂದರೆ ಅದರಿಂದಲೇ ಗುಂಪಿನಲ್ಲಿ ಸೇರಿಕೊಂಡೆ.

ಸುಮ್ನೆ ಇರಲಾರದೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಯೋಗ್ಯಕರ್ತದ ಗಾಡಿ ನಂಬರ್ ಎಬಿ ಅಂತ ಶುರುವಾಗುತ್ತೆ, ಸೊಲೋ ಎಡಿ, ಜಕಾರ್ತಾ ಬರೀ ಬಿ, ಸೆಮಾರಾಂಗ್ ಎಚ್. ಬೆಳಗಿನ ಜಾವ ನಾಲ್ಕೂವರೆಗೆ ಕೋಸ್ ಅಂಗಳದ ಬೈಕ್ ಎಣಿಸಿದರೆ ಹೊರಗಿನವರ ಲೆಕ್ಕ ಸಿಗುತ್ತೆ ಅಂದುಕೊಂಡೆ. ನಾಲ್ಕು ದಿನ ಎಣಿಸಿದ ಮೇಲೆ ಗೊತ್ತಾಯಿತು, ಅರ್ಧ ಹುಡುಗರು ಇಲ್ಲೇ ಸೆಕೆಂಡ್ ಹ್ಯಾಂಡ್ ಎಬಿ ಬೈಕ್ ತಗೊಂಡಿರುತ್ತಾರೆ. ಕೆಲಸಕ್ಕೆ ಬರಲಿಲ್ಲ. ಅದಕ್ಕಿಂತ ವಾಸಿಯಾದದ್ದು ನೀರಿನ ಕ್ಯಾನ್. ಕೋಸ್ ಹುಡುಗರು 19 ಲೀಟರಿನ ಕ್ಯಾನ್ ತರಿಸುತ್ತಾರೆ, ಅಂಗಡಿಯಾಕೆಯ ಹತ್ತಿರ ಯಾವ ಕಟ್ಟಡಕ್ಕೆ ವಾರಕ್ಕೆ ಎಷ್ಟು ಅಂತ ಬಾಯಿಪಾಠ ಇತ್ತು. ಹತ್ತು ರೂಮಿನ ಮಾಯೆ ಅಲ್ಲಿ ಬಿಚ್ಚಿಕೊಂಡಿತು.

ಈ ಪದ್ಧತಿಯ ದೊಡ್ಡ ತೂತು ಅಂದರೆ ಗಸ್ತಿನಲ್ಲಿ ಇರೋದು ಬರೀ ಗಂಡಸರು. ಮನೆಯೊಳಗಿನದ್ದು ಅವರಿಗೆ ಅರ್ಧ ಗೊತ್ತು. ಅದಕ್ಕೆ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುವ ಪೊಸ್ಯಾಂದುವಿಗೆ ಹೋಗಿ ಅಲ್ಲಿನ ಹೆಂಗಸರ ಮುಂದೆ ಪಟ್ಟಿ ಇಟ್ಟೆ. ಹನ್ನೊಂದು ಮನೆ ತಿದ್ದಿದರು. ಗಂಡಸರು "ಖಾಲಿ" ಅಂದ ಒಂದು ಮನೆಯಲ್ಲಿ ಬಾಣಂತಿ ಇದ್ದಳು.

ಕೊನೆಗೆ ಲೆಕ್ಕ: ಬೋರ್ಡಿನ 212 ಕುಟುಂಬದಲ್ಲಿ ನಿಜಕ್ಕೂ ಇದ್ದದ್ದು 180ರ ಹತ್ತಿರ, ಬೀಗ ಹಾಕಿದ ಮನೆ 19, ಕೋಸ್ ಕಟ್ಟಡ 31, ಬಾಡಿಗೆಯವರು 380 ಇರಬಹುದು. ಅಂದರೆ ರಾತ್ರಿ ಊರಿನಲ್ಲಿ ಮಲಗುವ ಮೂರು ಜನರಲ್ಲಿ ಒಬ್ಬರಿಗಿಂತ ಜಾಸ್ತಿ ಯಾವ ಕಾಗದದಲ್ಲೂ ಇಲ್ಲ. ಗದ್ದೆ ಇರೋದೆಲ್ಲ ಅರವತ್ತು ದಾಟಿದವರ ಕೈಯಲ್ಲಿ, ಬೆಳೆ ನಿಂತಿರುವಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡುತ್ತಾರೆ, ಕೊಯ್ಯೋಕೆ ಮನೆಯಲ್ಲಿ ಕೈಗಳಿಲ್ಲ. ಮಕ್ಕಳು ಆ್ಯಪ್ ಬೈಕ್ ಓಡಿಸುತ್ತಾರೆ. ನನಗೆ ಖರ್ಚು? ದಿನವೂ ಕಟ್ಟೆಗೆ ಒಯ್ದ ಬಜ್ಜಿ, ಸಿಗರೇಟು ಸೇರಿ ರಾತ್ರಿಗೆ 40,000 ರುಪಿಯಾ. 35 ರಾತ್ರಿಗೆ ಸುಮಾರು ಏಳೂಮುಕ್ಕಾಲು ಸಾವಿರ ರೂಪಾಯಿ. ಐವತ್ತು ಸಾವಿರದ ಫಾರ್ಮ್‌ಗಳ ಮುಂದೆ ಇದು!

ಸೆಲಾಪಾನ್ ಸಭೆಯಲ್ಲಿ (ಈ ಸಲ ಸರಿಯಾದ ದಿನಕ್ಕೇ ಹೋದೆ) ನಕ್ಷೆ ತೋರಿಸಿದಾಗ ಅವರು ನೋಡಿದ್ದು ಒಂದೇ, ಡಬ್ಬಿ ಇಲ್ಲದ ಕೋಸ್ ಎಷ್ಟು ಅಂತ. ಮುಂದಿನ ತಿಂಗಳಿಂದ ಆ ಮಾಲೀಕರಿಂದಲೂ ವಸೂಲಿ ಶುರುವಾಯಿತು, ಆ ದುಡ್ಡಿನಲ್ಲಿ ಅರವತ್ತು ಪ್ಲಾಸ್ಟಿಕ್ ಕುರ್ಚಿ ಬಂದವು.

ಒಂದು ಕಡೆ ಮಾತ್ರ ಸೋತೆ. ಊರಂಚಿನ ಗೇಟ್ ಹಾಕಿದ ಹೊಸ ಬಡಾವಣೆ, 26 ಮನೆ. ಅಲ್ಲಿ ಡಬ್ಬಿ ಇಲ್ಲ, ರೋಂಡಾ ಇಲ್ಲ, ಸಂಬಳದ ಸೆಕ್ಯೂರಿಟಿ ಇದ್ದಾನೆ, ಒಳಗೆ ಬಿಡಲ್ಲ. ನಕ್ಷೆಯಲ್ಲಿ ಆ ಜಾಗ ಇನ್ನೂ ಬೆಳ್ಳಗಿದೆ. ಆದರೆ ಬೆಳಗ್ಗೆ ಆರೂವರೆಗೆ ಬೈಕಿಗೆ ಬುಟ್ಟಿ ಕಟ್ಟಿಕೊಂಡು ಬರುವ ತರಕಾರಿಯವನನ್ನು ಅದೇ ಸೆಕ್ಯೂರಿಟಿ ನಗುತ್ತಾ ಒಳಗೆ ಬಿಡುತ್ತಾನೆ, ಯಾವ ಮನೆಗೆ ಎಷ್ಟು ಕಟ್ಟು ಹರಿವೆ, ಎಷ್ಟು ತುಂಡು ತೆಂಪೆ (ಹುದುಗಿಸಿದ ಸೋಯಾ ಬಿಲ್ಲೆ) ಅಂತ ಅವನಿಗೆ ಗೊತ್ತು. ವಾಪಸ್ ಹೋದ ತಕ್ಷಣ ಅವನ ಜೊತೆ ಒಂದು ವಾರ.