ಟಾಂಜಾನಿಯಾಕ್ಕೆ ಸೇವೆಗೆ ಹೊರಟಿದ್ದೀರಾ? ಮೊದಲು ನಿಮ್ಮ ಕೇರಿಯ ಪ್ರಾರ್ಥನಾ ಕೂಟ ಹುಡುಕಿ

ನಮ್ಮ ಕಡೆಯಿಂದ ಸೇವೆಗೆ ಅಂತ ಇಲ್ಲಿಗೆ ಹೊರಡುವ ನರ್ಸುಗಳು, ಟೀಚರ್‌ಗಳು ಫೋನ್ ಮಾಡಿದಾಗ ಮಲೇರಿಯಾ ಬಗ್ಗೆ ಕೇಳುತ್ತಾರೆ, ಅಕ್ಕಿ ಬೇಳೆ ಸಿಗುತ್ತದಾ ಅಂತ ಕೇಳುತ್ತಾರೆ. ಸಿಗುತ್ತದೆ. ಮೋಶಿ, ಅರುಷಾ ಪೇಟೆಗಳಲ್ಲಿ ಗುಜರಾತಿ ಮೂಲದವರ ಅಂಗಡಿಗಳಿವೆ, ತೊಗರಿಬೇಳೆಗೆ ಚಿಂತೆ ಬೇಡ. ಆದರೆ ‘ಅಲ್ಲಿ ನಾನು ಯಾರ ಜೊತೆ ಕೂತು ಪ್ರಾರ್ಥನೆ ಮಾಡಲಿ?’ ಅಂತ ಕೇಳುವವರು ಕಡಿಮೆ. ಸೇವೆಗೆ ಹೋದವರ ನಂಬಿಕೆ ತಾನಾಗಿಯೇ ಗಟ್ಟಿ ಇರುತ್ತದೆ ಅಂತ ಊರಿನಲ್ಲಿ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಿರುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಂದು ಮಗು ತೀರಿಕೊಂಡಿರುತ್ತದೆ, ಬೆಳಿಗ್ಗೆ ಕ್ವಾರ್ಟರ್ಸ್‌ಗೆ ಬಂದರೆ ಬೈಬಲ್ ತೆರೆಯುವ ಮನಸ್ಸೇ ಇರುವುದಿಲ್ಲ. ಅಂಥ ದಿನ ಬಾಗಿಲು ತಟ್ಟುವ ಜನ ನಿಮಗೆ ಬೇಕು.

ನಾನು ಗದಗ-ಬೆಟಗೇರಿಯವಳು, ಬಾಸೆಲ್ ಮಿಶನ್ ಕಾಲದಿಂದ ಬಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ಈಗ ಕಿಲಿಮಂಜಾರೊ ತಪ್ಪಲಿನ ಒಂದು ಮಿಶನ್ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿಗೆ ಜರ್ಮನಿಯ ಲೈಪ್‌ಜಿಗ್ ಮಿಶನ್‌ನವರು 1893ರಲ್ಲಿ ಬಂದರು. 1963ರಲ್ಲಿ ಏಳು ಲೂಥೆರನ್ ಸಭೆಗಳು ಕೂಡಿ ಒಂದಾದವು. ಆ ಟಾಂಜಾನಿಯಾ ಲೂಥೆರನ್ ಸಭೆಯನ್ನು ಜನ ಅದರ ಸ್ವಾಹಿಲಿ ಹೆಸರಿನ ಮೊದಲಕ್ಷರ ಹಿಡಿದು ಕೆ.ಕೆ.ಕೆ.ಟಿ. ಅನ್ನುತ್ತಾರೆ. ನಾನು ಹೇಳುವುದೆಲ್ಲ ಈ ಸಭೆಯಲ್ಲಿ ಕಂಡದ್ದು.

ಪೇಟೆಯಲ್ಲಿ ಇಂಗ್ಲಿಷ್ ಆರಾಧನೆ ಸಿಗುತ್ತದೆ. ಅಪರೂಪಕ್ಕೆ ಹೋಗಿ, ತಪ್ಪಿಲ್ಲ. ಆದರೆ ಅಲ್ಲಿ ಸೇರುವವರು ಹೆಚ್ಚಾಗಿ ನಮ್ಮ ಹಾಗೆ ಬಂದು ಹೋಗುವವರು. ಪರಿಚಯ ಆಗುವಷ್ಟರಲ್ಲಿ ಹೊರಟುಬಿಡುತ್ತಾರೆ. ಹತ್ತಿರದ ಸ್ವಾಹಿಲಿ ಆರಾಧನೆಗೇ ಹೋಗಿ. ಭಾಷೆ ಬಾರದಿದ್ದರೂ ದಾರಿ ತಪ್ಪುವುದಿಲ್ಲ: ಪಾಪದ ಅರಿಕೆ, ವಿಶ್ವಾಸಪ್ರಮಾಣ, ಕಾಣಿಕೆ, ಪ್ರಸಂಗ, ಆಶೀರ್ವಾದ, ಎಲ್ಲ ನಮಗೆ ಗೊತ್ತಿರುವಂಥದ್ದೇ. ಎಷ್ಟೋ ಹಾಡುಗಳ ಜರ್ಮನ್ ರಾಗಗಳೂ ಒಂದೇ, ಬೆಟಗೇರಿಯಲ್ಲಿ ಅಜ್ಜಿ ಹಾಡಿದ್ದೇ ರಾಗ. ಹಿರಿಯರು ಸಿಕ್ಕರೆ ‘ಶಿಕಮೋ’ ಅನ್ನಿ, ಅವರು ‘ಮರಹಬಾ’ ಅನ್ನುತ್ತಾರೆ. ಸಭೆಯವರು ‘ಬ್ವಾನಾ ಯೇಸು ಅಸಿಫಿವೆ’ (ಕರ್ತನಾದ ಯೇಸುವಿಗೆ ಸ್ತೋತ್ರ) ಅಂತ ಹೇಳಿದರೆ ‘ಆಮಿನಾ’ ಅನ್ನಿ. ಇನ್ನು ಸಮಯ. ಸ್ವಾಹಿಲಿಯವರು ಗಂಟೆ ಎಣಿಸುವುದು ಸೂರ್ಯೋದಯದಿಂದ. ಒಂದು ಗಂಟೆ ಅಂದರೆ ನಮ್ಮ ಬೆಳಗಿನ ಏಳು, ಮೂರು ಗಂಟೆ ಅಂದರೆ ಒಂಬತ್ತು. ಯಾರಾದರೂ ಕರೆದಾಗ ಯಾವ ಲೆಕ್ಕ ಅಂತ ಕೇಳಿಕೊಳ್ಳಿ.

ಧ್ವನಿ ಸುಮಾರಾಗಿದ್ದರೂ ಸರಿ, ಗಾಯನ ತಂಡಕ್ಕೆ ಸೇರಿ. ವಾರದ ನಡುವೆ ಅಭ್ಯಾಸ ಇರುತ್ತದೆ, ಸ್ವರ ಕಲಿಸುವುದು ಡೊ-ರೆ-ಮಿಯಲ್ಲಿ. ಒಂದೇ ಸಾಲನ್ನು ಹತ್ತು ಸಲ ಹಾಡಿಸುವುದರಿಂದ ಭಾಷೆಯೂ ನಾಲಿಗೆಗೆ ಹತ್ತುತ್ತದೆ.

ಇಷ್ಟೆಲ್ಲ ಇದ್ದರೂ ಭಾನುವಾರ ಒಂದೇ ಸಾಲದು. ಮುಖ್ಯವಾದದ್ದು ಜುಮುಯಿಯಾ. ಅಕ್ಕಪಕ್ಕದ ಒಂದಿಷ್ಟು ಮನೆಯವರು ವಾರಕ್ಕೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟ ಅದು. ನಮ್ಮ ಕೂಟ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮುಂಚೆ. ಬಾಳೆತೋಟದ ನಡುವಿನ ಮನೆ. ಕೂರಲು ಬೆಂಚು, ಕುರ್ಚಿ ಸಾಲದಿದ್ದರೆ ಮಗುಚಿದ ಬಕೆಟ್ಟು. ಒಬ್ಬರು ವಚನ ಓದುತ್ತಾರೆ, ಅದರ ಬಗ್ಗೆ ಒಬ್ಬೊಬ್ಬರೂ ಒಂದೆರಡು ಮಾತಾಡುತ್ತಾರೆ. ಕೊನೆಗೆ ಯಾರಿಗೆ ಕಾಯಿಲೆ, ಯಾರ ಮಗನ ಫೀಸು ಬಾಕಿ ಅಂತ ಹೆಸರು ಹಿಡಿದೇ ಪ್ರಾರ್ಥನೆ. ಆಮೇಲೆ ಶುಂಠಿ ಹಾಕಿದ ಚಹಾ. ಮುಂದಿನ ವಾರ ಯಾರ ಮನೆ ಅಂತ ಗೊತ್ತು ಮಾಡಿಯೇ ಏಳುವುದು.

ಇಲ್ಲಿ ಎರಡು ಕೆಲಸ ಮಾಡಿ. ಓದುವ ಸರದಿ ಬಂದಾಗ ಕನ್ನಡದಲ್ಲೇ ಓದಿ. ಬೆಟ್ಟಗಳ ಕಡೆ ಕಣ್ಣೆತ್ತಿ ನೋಡುವ ಮಾತಿನಿಂದ ಶುರುವಾಗುವ 121ನೆಯ ಕೀರ್ತನೆಯನ್ನು ನಾನು ಓದಿದೆ. ಬೆಟ್ಟದ ಬುಡದ ಜನ ಅಲ್ವಾ, ಯಾವ ಕೀರ್ತನೆ ಅಂತ ಗೊತ್ತಾದ ಕೂಡಲೇ ಒಬ್ಬ ಅಜ್ಜಿ ಕಣ್ಣು ಮುಚ್ಚಿ ಸ್ವಾಹಿಲಿಯಲ್ಲಿ ದನಿಗೂಡಿಸಿದರು. ಎರಡನೆಯದು, ನಿಮಗಾಗಿ ಪ್ರಾರ್ಥನೆ ಮಾಡಲು ಕೇಳಿ. ‘ಸೇವೆ ಮಾಡಲು ಬಂದವಳು ನಾನು, ನಾನೇ ಕೇಳುವುದಾ?’ ಅನ್ನಿಸುತ್ತದೆ. ಕೇಳಿ. ಊರಲ್ಲಿ ಅಮ್ಮನಿಗೆ ಕಣ್ಣಿನ ಆಪರೇಶನ್ ಅಂತ ನಾನು ಹೇಳಿದ ಮೇಲೆ, ವಾರಗಟ್ಟಲೆ ದಾರಿಯಲ್ಲಿ ಸಿಕ್ಕವರೆಲ್ಲ ‘ಅಮ್ಮ ಹೇಗಿದ್ದಾರೆ’ ಅಂತ ವಿಚಾರಿಸಿದರು. ಅದಕ್ಕೂ ಮುಂಚೆ ಅವರಿಗೆ ನಾನು ಆಸ್ಪತ್ರೆಯ ಸಿಸ್ಟರ್ ಅಷ್ಟೇ ಆಗಿದ್ದೆ.

ಆರಾಧನೆ ಮುಗಿದ ಕೂಡಲೇ ಮನೆಗೆ ಓಡಬೇಡಿ. ದುಡ್ಡಿಲ್ಲದವರು ಕಾಣಿಕೆಯಾಗಿ ತಂದ ಮೊಟ್ಟೆ, ಬಾಳೆಗೊನೆ, ಜೋಳ, ಕೋಳಿಯನ್ನು ಹೊರಗೆ ಹರಾಜು ಹಾಕುತ್ತಾರೆ. ನಮ್ಮ ಸುಗ್ಗಿ ಹಬ್ಬದ ಲಿಲಾವು ನೋಡಿದವರಿಗೆ ಇದೇನು ಹೊಸದಲ್ಲ, ಇಲ್ಲಿ ವರ್ಷಕ್ಕೊಂದು ಸಲ ಅಲ್ಲ ಅಷ್ಟೇ. ಒಬ್ಬರು ಕೊಂಡ ಕಬ್ಬನ್ನು ಅಲ್ಲೇ ಇನ್ನೊಬ್ಬರಿಗೆ ಕೊಟ್ಟುಬಿಡುವುದೂ ಉಂಟು. ನೀವೂ ಕೂಗಿ, ಕೊಂಡದ್ದನ್ನು ಪಕ್ಕದ ಅಜ್ಜಿಯ ಕೈಗಿಡಿ.

ಸಾವಿನ ಮನೆಗೆ ತಪ್ಪದೆ ಹೋಗಿ. ಇಲ್ಲಿನ ಚಗ್ಗಾ ಜನ ಮನೆಯವರನ್ನು ತಮ್ಮ ತೋಟದಲ್ಲೇ ಮಣ್ಣು ಮಾಡುತ್ತಾರೆ. ಯಾರು ಎಷ್ಟು ಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ನಮ್ಮಲ್ಲಿ ಮದುವೆಯಲ್ಲಿ ಮುಯ್ಯಿ ಬರೆಯುವ ಹಾಗೆ. ಮೊತ್ತ ದೊಡ್ಡದಿರಬೇಕಿಲ್ಲ. ಸೊಂಟಕ್ಕೆ ಕಾಂಗಾ ಬಟ್ಟೆ ಸುತ್ತಿಕೊಂಡು ಹೆಂಗಸರ ಜೊತೆ ಬಾಳೆಕಾಯಿ ಸುಲಿಯಲು ಕೂತುಕೊಳ್ಳಿ. ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಅನ್ನುವ ಹಾಗೆ ‘ಪೋಲೆ’ ಅನ್ನುವ ಒಂದು ಮಾತು ಸಾಕು. ಇಲ್ಲಿ ನನ್ನನ್ನು ಮನೆಯವಳ ಹಾಗೆ ನೋಡತೊಡಗಿದ್ದು ಇಂಥ ಅಂಗಳಗಳಲ್ಲೇ, ವಾರ್ಡಿನಲ್ಲಿ ಅಲ್ಲ.

ಇದರ ಜೊತೆಗೆ ಕನ್ನಡದ ಪ್ರಾರ್ಥನೆಯನ್ನು ಬಿಡಬೇಡಿ. ದುಃಖ ಜಾಸ್ತಿಯಾದಾಗ ಬೇರೆ ಭಾಷೆಯಲ್ಲಿ ಮಾತು ಹೊರಡುವುದಿಲ್ಲ. ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಊರಲ್ಲಿ ರಾತ್ರಿ ಎಂಟೂವರೆಯ ಕುಟುಂಬ ಪ್ರಾರ್ಥನೆಗೆ ನಾನು ಸಂಜೆ ಆರಕ್ಕೆ ವಾಟ್ಸ್ಆ್ಯಪ್‌ನಲ್ಲಿ ಕೂರುತ್ತೇನೆ. ವಾರಕ್ಕೆ ಒಂದೆರಡು ದಿನ ಸಾಕು. ದಿನವೂ ಊರಿನ ಜೊತೆಗೇ ಕೂತರೆ ಇಲ್ಲಿಯ ಸಂಜೆಗಳು ಕೈ ತಪ್ಪುತ್ತವೆ.

ಹೊರಡುವ ಮುಂಚೆ, ನೀವು ನಿಮ್ಮ ಸಭೆಗೆ ಸೇರಿದವರು ಅಂತ ತಿಳಿಸುವ ಒಂದು ಸಭಾ ಪತ್ರವನ್ನು ಸಭೆಯ ಅಯ್ಯನವರಿಂದ ಬರೆಸಿಕೊಳ್ಳಿ, ಇಂಗ್ಲಿಷಿನಲ್ಲಿ, ದೃಢೀಕರಣ (ಕನ್ಫರ್ಮೇಶನ್) ಆದದ್ದೂ ಅದರಲ್ಲಿರಲಿ. ಮೊದಲ ವಾರವೇ ಇಲ್ಲಿನ ಸಭಾಪಾಲಕರ ಕೈಗೆ ಕೊಟ್ಟು, ನಿಮ್ಮ ಮನೆ ಯಾವ ಜುಮುಯಿಯಾಕ್ಕೆ ಬರುತ್ತದೆ ಅಂತ ಕೇಳಿ. ಅದರ ಹಿರಿಯರ ಫೋನ್ ನಂಬರ್ ತೆಗೆದುಕೊಂಡೇ ಹೊರಗೆ ಬನ್ನಿ.