ಚುಚ್ಚುಮದ್ದು ನಿಲ್ಲಿಸದೆ ಕಿಬ್ಬೊಟ್ಟೆ ನೋವನ್ನು ಹಿಡಿತಕ್ಕೆ ತಂದದ್ದು: ನನ್ನ ಅನುಭವ

ನಾನು ಟ್ರಾನ್ಸ್ ಪುರುಷ, ಅಂದರೆ ಹೆಣ್ಣಿನ ದೇಹದಲ್ಲಿ ಹುಟ್ಟಿ ಗಂಡಾಗಿ ಬದುಕುತ್ತಿರುವವನು. ಊರು ತೀರ್ಥಹಳ್ಳಿಯ ಹತ್ತಿರ, ಚಿಕಿತ್ಸೆ ಶಿವಮೊಗ್ಗದಲ್ಲಿ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಆರಂಭಿಸಿದ ಮೇಲೆ ಮುಟ್ಟು ನಿಂತಿತು, ಧ್ವನಿ ಒಡೆಯಿತು, ಗಡ್ಡ ಬಂತು. ವರ್ಷ ಕಳೆದ ಬಳಿಕ, ಮುಟ್ಟಿಲ್ಲದೆಯೇ ಮುಟ್ಟಿನ ನೋವು ಶುರುವಾಯಿತು: ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಗಿ, ತೊಡೆಸಂದಿಯವರೆಗೂ ಸೆಳೆತ. ಶಿವಮೊಗ್ಗದ ಬಸ್ಸು ಮಂಡಗದ್ದೆ ದಾಟುವಷ್ಟರಲ್ಲಿ ನಾನು ಒಂದೇ ಪಕ್ಕಕ್ಕೆ ಭಾರ ಹಾಕಿ ಕೂರಬೇಕಾಗುತ್ತಿತ್ತು.

ಮೊದಲು ಕಂಡ ವೈದ್ಯರು ಇಂಜೆಕ್ಷನ್ ನಿಲ್ಲಿಸಿ ಎಂದಷ್ಟೇ ಹೇಳಿ ಕಳುಹಿಸಿದರು. (ಸ್ತ್ರೀರೋಗ ವಿಭಾಗದ ಸರದಿಯಲ್ಲಿ ಗಡ್ಡದವನೊಬ್ಬ ಕೂತರೆ ಸುತ್ತಲಿನವರು ನೋಡುವ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.) ಎರಡನೆಯ ವೈದ್ಯೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್, ಜೊತೆಗೆ ಮೂತ್ರ ಪರೀಕ್ಷೆ ಮಾಡಿಸಿ, ಅಂಡಾಶಯದಲ್ಲಿ ಗಡ್ಡೆಯಾಗಲಿ ಮೂತ್ರದಲ್ಲಿ ಸೋಂಕಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು, ಎರಡು ಕಾರಣಗಳನ್ನು ತಿಳಿಸಿದರು. ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಪ್ರಭಾವ ತಗ್ಗಿದ್ದರಿಂದ ಯೋನಿಯ ಒಳಪದರ, ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಆಗುವಂತೆಯೇ, ತೆಳುವಾಗಿ ಒಣಗಿತ್ತು. ಜೊತೆಗೆ ನೋವಿಗೆ ಅಂಜಿ ಸದಾ ಬಿಗಿಹಿಡಿದ ಶ್ರೋಣಿತಳದ (ಕಿಬ್ಬೊಟ್ಟೆಯ ಅಂಗಗಳನ್ನು ಕೆಳಗಿನಿಂದ ಹೊತ್ತಿರುವ) ಸ್ನಾಯುಗಳು ಸಡಿಲವಾಗುವುದನ್ನೇ ಬಿಟ್ಟಿದ್ದವು.

ಒಣಗಿದ್ದಕ್ಕೆ ಯೋನಿಯೊಳಗೆ ಹಚ್ಚುವ, ಈಸ್ಟ್ರೋಜನ್‌ನದೇ ಒಂದು ಬಗೆಯಾದ ಎಸ್ಟ್ರಿಯಾಲ್ ಕ್ರೀಮ್, ಮೊದಮೊದಲು ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಮತ್ತೆ ಈಸ್ಟ್ರೋಜನ್ನೇ ಎಂದು ಮನಸ್ಸು ಮುದುಡಿದ್ದು ನಿಜ. ಆದರೆ ಹಚ್ಚಿದ ಜಾಗದಲ್ಲೇ ಕೆಲಸ ಮಾಡುವ ಈ ಕ್ರೀಮ್ ರಕ್ತಕ್ಕೆ ಸೇರುವುದು ಅತ್ಯಲ್ಪ, ಧ್ವನಿ ಗಡ್ಡಗಳಿಗೆ ಏನೂ ಆಗಲಿಲ್ಲ. ಒಣಗಿದ್ದರಿಂದಾಗುತ್ತಿದ್ದ ಉರಿ ಹೋಯಿತು, ಸೆಳೆತ ಮಾತ್ರ ಉಳಿಯಿತು.

ಸೆಳೆತಕ್ಕೆ ದಾರಿ ತೋರಿಸಿದ್ದು ಫಿಸಿಯೋಥೆರಪಿ. ಶ್ರೋಣಿಯ ತೊಂದರೆ ಎಂದಾಕ್ಷಣ ಎಲ್ಲರೂ ಹೇಳುವುದು ಆ ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿಹಿಡಿಯುವ ಕೆಗೆಲ್ ವ್ಯಾಯಾಮ. ಮೊದಲೇ ಬಿಗಿದಿರುವ ಸ್ನಾಯುವನ್ನು ಅದು ಇನ್ನಷ್ಟು ಬಿಗಿಯುತ್ತದೆ. ನನಗೆ ಬೇಕಾಗಿದ್ದದ್ದು ಅದರ ವಿರುದ್ಧ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಕಾಲುಗಳನ್ನು ಸ್ಟೂಲಿನ ಮೇಲಿರಿಸಿ, "ಉಸಿರು ಒಳಗೆ ತಗೊಳ್ಳುವಾಗ ಹೊಟ್ಟೆ ಉಬ್ಬಲಿ, ಕೆಳಗಡೆ ಸಡಿಲ ಬಿಡಿ, ಮೂತ್ರ ಶುರುವಾಗೋ ಕ್ಷಣದಲ್ಲಿ ಬಿಡ್ತೀರಲ್ಲ ಹಾಗೆ" ಎಂದರು ಫಿಸಿಯೋಥೆರಪಿ ಮೇಡಂ. ಹಾಗೆ ಸಡಿಲ ಬಿಡುವುದು ಮೈಗೂಡಲು ಬಹಳ ಕಾಲ ಹಿಡಿಯಿತು. ಈಗ ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನವಾದ ಕೂಡಲೇ ಇದನ್ನು ಮಾಡುತ್ತೇನೆ, ಮಲಬದ್ಧತೆಯಾಗದಂತೆ ನೋಡಿಕೊಳ್ಳುತ್ತೇನೆ, ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತರೆ ನಡುನಡುವೆ ಏಳುತ್ತೇನೆ.

ನೋವು ಪೂರ್ತಿ ಹೋಗಿಲ್ಲ. ಕಾಮತೃಪ್ತಿಯ ನಂತರದ ಹಿಂಡುವಿಕೆ ಆಗಾಗ ಬರುತ್ತದೆ. ಗರ್ಭಕೋಶ ತೆಗೆಸುವ ಮಾತೂ ಬಂದಿದೆ. ಆದರೆ ಸ್ನಾಯುವಿನಿಂದ ಬರುವ ನೋವು ಆ ಶಸ್ತ್ರಚಿಕಿತ್ಸೆಯಿಂದ ಹೋಗುವುದಿಲ್ಲವೆಂದು ವೈದ್ಯೆಯೇ ಹೇಳಿದ್ದರಿಂದ, ಈ ವ್ಯಾಯಾಮದಿಂದ ಎಷ್ಟು ಕಡಿಮೆಯಾಗುತ್ತದೆಂದು ನೋಡದೆ ಅದಕ್ಕೆ ಒಪ್ಪುವುದಿಲ್ಲವೆಂದು ತಿಳಿಸಿದ್ದೇನೆ.